ಕಾಯುವ ಹೊತ್ತಿನ ಬೆಲೆ

ಎಸ್‌ಎಸ್‌ಡಿ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವೇಗದ ಅಂಕಿಯ ಕಡೆಗೆ. ಹಳೆಯ ಸಾಟಾ ಜೋಡಣೆಯಲ್ಲಿ ಅದು ಸೆಕೆಂಡಿಗೆ 550 ಮೆಗಾಬೈಟ್ ಆಸುಪಾಸಿನಲ್ಲೇ ನಿಂತುಬಿಡುತ್ತಿತ್ತು. ಎನ್‌ವಿಎಂಇ ಬಂದ ಮೇಲೆ 3,500 ಆಯಿತು, ಆಮೇಲೆ 7,000. ಪಿಸಿಐಇ ಐದನೇ ತಲೆಮಾರಿನಲ್ಲಿ 14,000ದ ಹತ್ತಿರ ಬಂದಿದೆ. ಅಂಕಿ ಸುಳ್ಳಲ್ಲ. ಆದರೆ ಅದು ದಕ್ಕುವುದು ದೊಡ್ಡ ಕಡತವೊಂದನ್ನು ಒಂದೇ ಉಸಿರಿಗೆ ಓದುವಾಗ. ಕಂಪ್ಯೂಟರ್ ದಿನವಿಡೀ ಮಾಡುವ ಕೆಲಸವೇ ಬೇರೆ. ಅದು ನಾಲ್ಕು ಕಿಲೋಬೈಟಿನಷ್ಟು ಪುಟ್ಟ ಚೂರುಗಳನ್ನು ಅಲ್ಲಿಂದ, ಇಲ್ಲಿಂದ ಹೆಕ್ಕುತ್ತಿರುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಕೇಳಿದ ಚೂರು ಕೈಸೇರಲು ಎಷ್ಟು ಹೊತ್ತು ಕಾಯಬೇಕು ಎಂಬುದು.

ಒಳ್ಳೆಯ ಫ್ಲ್ಯಾಶ್ ಎಸ್‌ಎಸ್‌ಡಿ ಸುಮಾರು 50 ಮೈಕ್ರೋಸೆಕೆಂಡಿನಲ್ಲಿ ಉತ್ತರಿಸುತ್ತದೆ ಎಂದುಕೊಳ್ಳಿ. ಒಂದು ಚೂರು ಬಂದ ಮೇಲಷ್ಟೇ ಮುಂದಿನದನ್ನು ಕೇಳಿದರೆ ಸೆಕೆಂಡಿಗೆ 20,000 ಚೂರು, ಎಂದರೆ ಬರೀ 80 ಮೆಗಾಬೈಟ್! 14,000 ಎಂದು ಬರೆದ ಡಬ್ಬಿಯೊಳಗಿನ ಸಾಧನವೂ ಈ ಕೆಲಸದಲ್ಲಿ ಇಷ್ಟರಲ್ಲೇ ಇರುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಸುತ್ತಿಗೇ 8 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು ಎಂಬುದನ್ನು ನೆನೆದರೆ ಇದೂ ದೊಡ್ಡ ಜಿಗಿತವೇ. 2008ರಲ್ಲಿ ಇಂಟೆಲ್ ತನ್ನ 80 ಗಿಗಾಬೈಟಿನ ಎಕ್ಸ್25-ಎಂ ಸಾಧನಕ್ಕೆ 595 ಡಾಲರ್ ಇಟ್ಟಾಗ ಜನ ದುಡ್ಡು ಕೊಟ್ಟದ್ದು ಈ ಜಿಗಿತಕ್ಕಾಗಿ.

ಆದರೆ ಫ್ಲ್ಯಾಶಿನ ಮಿತಿ ಅದರ ರಚನೆಯಲ್ಲೇ ಇದೆ. ತೋಷಿಬಾದ ಫುಜಿಯೊ ಮಸುಓಕಾ ತಂಡ 1987ರಲ್ಲಿ ಮಂಡಿಸಿದ ನ್ಯಾಂಡ್ ಫ್ಲ್ಯಾಶಿನಲ್ಲಿ ಒಂದೊಂದು ಕೋಶವೂ ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತದೆ. ಒಂದು ಕೋಶಕ್ಕೆ ಒಂದೇ ಬಿಟ್ ಆದರೆ ಎರಡು ಮಟ್ಟ ಗುರುತಿಸಿದರೆ ಸಾಕು. ಮೂರು ಬಿಟ್ ತುಂಬಿದರೆ 8 ಮಟ್ಟ, ನಾಲ್ಕಾದರೆ 16. ಗಿಗಾಬೈಟಿನ ಬೆಲೆ ಇಳಿಯುವುದು ಹೀಗೆ ತುರುಕುವುದರಿಂದಲೇ. ಓದು ಬರಹ ನಿಧಾನವಾಗುವುದೂ, ಕೋಶ ಬೇಗ ಸವೆಯುವುದೂ ಅದರಿಂದಲೇ. ಮೇಲಾಗಿ, ಬರೆದದ್ದರ ಮೇಲೆ ನೇರವಾಗಿ ಮತ್ತೆ ಬರೆಯಲಾಗದು. ಒಂದು ಸಾಲು ತಿದ್ದಲು ಇಡೀ ಗೋಡೆಗೆ ಸುಣ್ಣ ಬಳಿದಂತೆ, ದೊಡ್ಡ ಬ್ಲಾಕನ್ನೇ ಅಳಿಸಬೇಕು. ಅದಕ್ಕೂ ಮೊದಲು ಅದರಲ್ಲಿ ಬೇಕಾದದ್ದನ್ನು ಬೇರೆಡೆಗೆ ಸಾಗಿಸಬೇಕು. ಆ ಹೊತ್ತಿನಲ್ಲಿ ಬಂದ ಕೋರಿಕೆ ಕಾಯುತ್ತದೆ. ಬ್ಯಾಂಕಿನ ಡೇಟಾಬೇಸ್ ನಡೆಸುವವರಿಗೆ ಸರಾಸರಿ ವೇಗಕ್ಕಿಂತ ಇಂಥ ತಡವರಿಕೆಯೇ ದೊಡ್ಡ ತಲೆನೋವು.

ಈ ತಡವರಿಕೆಯನ್ನೇ ನಿವಾರಿಸಲು ಹೊರಟದ್ದು ಇಂಟೆಲ್ ಮತ್ತು ಮೈಕ್ರಾನ್ 2015ರಲ್ಲಿ ಪ್ರಕಟಿಸಿದ ಹೊಸ ಬಗೆಯ ಮೆಮೊರಿ, 3ಡಿ ಕ್ರಾಸ್‌ಪಾಯಿಂಟ್. ಅದಕ್ಕೆ ಅಳಿಸುವ ಹಂತವೇ ಬೇಡ. 2017ರ ಮಾರ್ಚ್‌ನಲ್ಲಿ ಅದನ್ನು ಬಳಸಿದ ಇಂಟೆಲ್‌ನ ಎಸ್‌ಎಸ್‌ಡಿ ಆಪ್ಟೇನ್ ಪಿ4800ಎಕ್ಸ್ ಬಂತು. 375 ಗಿಗಾಬೈಟಿಗೆ 1,520 ಡಾಲರ್, ಎಂದರೆ ಗಿಗಾಬೈಟಿಗೆ ನಾಲ್ಕು ಡಾಲರ್. ಆಗ ಮಾರುಕಟ್ಟೆಯಲ್ಲಿದ್ದ ಸ್ಯಾಮ್‌ಸಂಗ್ 960 ಪ್ರೊ ಅದರ ಆರನೇ ಒಂದು ಭಾಗದಷ್ಟು ದರಕ್ಕೆ ಸೆಕೆಂಡಿಗೆ 3,500 ಮೆಗಾಬೈಟ್ ಓದುತ್ತಿತ್ತು. ಆಪ್ಟೇನ್ ಓದುತ್ತಿದ್ದದ್ದು 2,400. ಡಬ್ಬಿ ನೋಡಿ ಕೊಳ್ಳುವವರಿಗೆ ಇದು ಮೂರ್ಖ ವ್ಯಾಪಾರ. ಆದರೆ ಆಪ್ಟೇನ್ ಹತ್ತು ಮೈಕ್ರೋಸೆಕೆಂಡಿನೊಳಗೆ ಉತ್ತರಿಸುತ್ತಿತ್ತು. ಬರಹದ ಹೊರೆ ಏರಿದಾಗಲೂ ಅಷ್ಟಾಗಿ ಮುಗ್ಗರಿಸುತ್ತಿರಲಿಲ್ಲ. ದಿನಕ್ಕೆ 30 ಬಾರಿ ಪೂರ್ತಿ ತುಂಬಿ ಬರೆದರೂ ತಾಳುತ್ತದೆಂಬ ಭರವಸೆಯೂ ಇತ್ತು. ನನ್ನ ಮಟ್ಟಿಗೆ, ಸಂಗ್ರಹ ತಂತ್ರಜ್ಞಾನದಲ್ಲಿ ಇಷ್ಟು ಪ್ರಾಮಾಣಿಕವಾದ ವೇಗ ಅಪರೂಪ.

ಆದರೂ ಅದು ಉಳಿಯಲಿಲ್ಲ. ಫ್ಲ್ಯಾಶ್ ತಯಾರಕರು ಪದರದ ಮೇಲೆ ಪದರ ಏರಿಸುತ್ತ ಬೆಲೆ ಇಳಿಸಿದರು. ಕ್ರಾಸ್‌ಪಾಯಿಂಟಿನ ಪದರಗಳು ಎರಡರಿಂದ ನಾಲ್ಕಕ್ಕಷ್ಟೇ ಏರಿದವು. ಕೊಳ್ಳುವವರು ಕಡಿಮೆಯಾದ್ದರಿಂದ ದರ ಇಳಿಯಲಿಲ್ಲ, ದರ ಇಳಿಯದ್ದರಿಂದ ಕೊಳ್ಳುವವರು ಹೆಚ್ಚಲಿಲ್ಲ. 2021ರಲ್ಲಿ ಮೈಕ್ರಾನ್ ಕೈಬಿಟ್ಟಿತು. 2022ರ ಜುಲೈನಲ್ಲಿ ಇಂಟೆಲ್ 55.9 ಕೋಟಿ ಡಾಲರಿನ ದಾಸ್ತಾನನ್ನು ನಷ್ಟಕ್ಕೆ ಬರೆದು ಆಪ್ಟೇನ್ ವಹಿವಾಟಿಗೆ ತೆರೆ ಎಳೆಯಿತು.

ಈ ಜಾಗ ತುಂಬಲು ಈಗ ಫ್ಲ್ಯಾಶನ್ನೇ ಹಿಂದಕ್ಕೆ ಒಯ್ಯುತ್ತಿದ್ದಾರೆ. ಫ್ಲ್ಯಾಶ್ ತಯಾರಕ ಕಂಪನಿ ಕಿಯೋಕ್ಸಿಯಾದ ಎಕ್ಸ್‌ಎಲ್-ಫ್ಲ್ಯಾಶ್ ಮೊದಲು ಬಂದದ್ದು ಕೋಶಕ್ಕೆ ಒಂದೇ ಬಿಟ್ ಇಟ್ಟು. ನಾಲ್ಕು ಬಿಟ್ ಹಿಡಿಸಬಹುದಾದ ಕಡೆ ಒಂದನ್ನಷ್ಟೇ ಇಡುವುದೆಂದರೆ ಮುಕ್ಕಾಲು ಪಾಲು ಜಾಗ ಬಿಟ್ಟುಕೊಟ್ಟಂತೆ; ದುಬಾರಿ ಎಸ್‌ಎಸ್‌ಡಿಯ ದರದಲ್ಲಿ ಆ ಖಾಲಿ ಜಾಗದ ಬೆಲೆಯೂ ಸೇರಿರುತ್ತದೆ.