ಬೈಸಿಕಲ್ ಸವಾರಿ: ವೇಗದ ಲೆಕ್ಕವೂ ಕಾಲದ ಲೆಕ್ಕವೂ

ಪ್ರಾರ್ಥನೆಯ ಗಂಟೆ ಬಾರಿಸಿದ ಬಳಿಕ ಬೆವರೊರೆಸಿಕೊಳ್ಳುತ್ತ ಬೈಸಿಕಲ್ಲನ್ನು ಗೋಡೆಗೆ ಒರಗಿಸುವ ವಿದ್ಯಾರ್ಥಿಗಳನ್ನು ನಾವು ಆಗಾಗ ಕಾಣುತ್ತೇವೆ. ತಡವೇಕೆಂದು ವಿಚಾರಿಸಿದರೆ, “ಸರ್, ಇಳಿಜಾರಿನಲ್ಲಿ ಬಹಳ ಜೋರಾಗಿಯೇ ಬಂದೆ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರದಲ್ಲಿ ಲೆಕ್ಕದ ತಪ್ಪೊಂದು ಅಡಗಿದೆ, ಅಪಾಯವೂ ಅಡಗಿದೆ.

ಒಂದು ಗಂಟೆಯಲ್ಲಿ ಎಷ್ಟು ದೂರ ಕ್ರಮಿಸುವೆವೆಂದು ಹೇಳುವುದು ವೇಗ. ಒಂದು ಕಿಲೋಮೀಟರಿಗೆ ಎಷ್ಟು ಕಾಲ ತಗಲಿತೆಂದು ಹೇಳುವುದು ಇನ್ನೊಂದು ಕ್ರಮ. ಓಟಗಾರರು ಇದನ್ನು ‘ಪೇಸ್’ ಎನ್ನುವರು. ಗಂಟೆಗೆ 15 ಕಿಲೋಮೀಟರ್ ಎಂದರೂ ಕಿಲೋಮೀಟರಿಗೆ 4 ನಿಮಿಷ ಎಂದರೂ ಒಂದೇ. ಸೈಕಲ್ ಪಟುಗಳಲ್ಲಿ ವೇಗವನ್ನು ಹೇಳುವುದೇ ರೂಢಿ. ಅವರ ಪ್ರಸಿದ್ಧವಾದ ಒಂದು ಗಂಟೆಯ ದಾಖಲೆಯಲ್ಲಿ ಕಾಲವು ಸ್ಥಿರ, ದೂರವು ಬದಲಾಗುವಂಥದು. ಬೆಲ್ಜಿಯಮಿನ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ 49.431 ಕಿಲೋಮೀಟರ್ ಕ್ರಮಿಸಿದರು. ಇಟಲಿಯ ಫಿಲಿಪ್ಪೊ ಗನ್ನಾ 2022ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 56.792 ಕಿಲೋಮೀಟರ್. ಶಾಲೆಯ ದಾರಿಯಾದರೋ ಇದಕ್ಕೆ ವಿರುದ್ಧ. ಮನೆಯೂ ಶಾಲೆಯೂ ಇದ್ದಲ್ಲೇ ಇರುತ್ತವೆ, ಬದಲಾಗುವುದು ಕಾಲ.

ನಮ್ಮ ಕಾಸರಗೋಡಿನ ಕಡೆಯ ಗುಡ್ಡದ ದಾರಿಯನ್ನೇ ತೆಗೆದುಕೊಳ್ಳೋಣ. 3 ಕಿಲೋಮೀಟರ್ ಏರು, 3 ಕಿಲೋಮೀಟರ್ ಇಳಿಜಾರು. ಏರಿನಲ್ಲಿ ಗಂಟೆಗೆ 10, ಇಳಿಜಾರಿನಲ್ಲಿ 30 ಕಿಲೋಮೀಟರ್ ವೇಗವೆಂದರೆ ಸರಾಸರಿ ಎಷ್ಟು? ತರಗತಿಯಲ್ಲಿ ಕೇಳಿದಾಗ ಬಹುಮಂದಿ 20 ಎಂದರು. ಹಾಗಲ್ಲ. ಏರಿಗೆ 18 ನಿಮಿಷ, ಇಳಿಜಾರಿಗೆ 6 ನಿಮಿಷ. 6 ಕಿಲೋಮೀಟರಿಗೆ ಒಟ್ಟು 24 ನಿಮಿಷ. ಆದುದರಿಂದ ಸರಾಸರಿ ವೇಗ 15 ಮಾತ್ರ. ಕಾಲದ ಲೆಕ್ಕದಲ್ಲಿ ಈ ಮೋಸವಿಲ್ಲ: ಕಿಲೋಮೀಟರಿಗೆ ಏರಿನಲ್ಲಿ 6, ಇಳಿಜಾರಿನಲ್ಲಿ 2 ನಿಮಿಷ, ದೂರಗಳು ಸಮನಾಗಿರುವುದರಿಂದ ಸರಾಸರಿ ನೇರವಾಗಿ 4.

ಪೋಷಕರೂ ಇದನ್ನು ಗಮನಿಸಬೇಕು. ಇಳಿಜಾರಿನ ವೇಗವನ್ನು 30ರಿಂದ 40ಕ್ಕೆ ಏರಿಸಿದ ಹುಡುಗನಿಗೆ ಉಳಿಯುವುದು ಒಂದೂವರೆ ನಿಮಿಷ. ಅದೂ ತಿರುವಿನಲ್ಲಿ ಬಸ್ಸು ಎದುರಾಗದಿದ್ದರೆ. ಏರಿನಲ್ಲಿ 10ರಿಂದ 12ಕ್ಕೆ ಮುಟ್ಟಿದವನಿಗೆ ಉಳಿಯುವುದು ಪೂರ್ತಿ 3 ನಿಮಿಷ. ವೇಗದ ಅಂಕೆಯನ್ನು ಮಾತ್ರ ನೋಡುವವನಿಗೆ ಮೊದಲನೆಯದೇ ದೊಡ್ಡ ಸಾಧನೆಯಾಗಿ ತೋರುತ್ತದೆ.

ಆದರೆ ಕಾಲದ ಲೆಕ್ಕಕ್ಕೂ ಒಂದು ಕುಂದಿದೆ. ಗಂಟೆಗೆ 10ರಿಂದ 12ಕ್ಕೆ ಬಂದವನಿಗೆ ಕಿಲೋಮೀಟರಿಗೆ ಒಂದು ನಿಮಿಷ ಉಳಿದರೆ, 20ರಿಂದ 24ಕ್ಕೆ ಬಂದವನಿಗೆ ಉಳಿಯುವುದು ಅರ್ಧ ನಿಮಿಷ. ಸಮತಟ್ಟಾದ ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಗಾಳಿಯ ತಡೆಯು ವೇಗದ ವರ್ಗದಂತೆ ಬೆಳೆಯುವುದರಿಂದ ಈ ಅರ್ಧ ನಿಮಿಷದ ದುಡಿಮೆಯೇ ಹೆಚ್ಚಿನದು. ಆಗ ಅಂಕೆ ನಿಧಾನವಾಗಿ ಇಳಿಯುವುದೆಂದು ಎದೆಗುಂದಬಾರದು.

ಹೋಲಿಕೆಯು ಅದೇ ದಾರಿಯಲ್ಲಿ, ಅದೇ ಪುಸ್ತಕದ ಚೀಲದ ಹೊರೆಯೊಂದಿಗೆ ಇರತಕ್ಕದ್ದು. ಚಕ್ರದ ಗಾಳಿ, ಸರಪಳಿಯ ಎಣ್ಣೆ ಇವನ್ನು ವಾರಕ್ಕೊಮ್ಮೆ ನೋಡಿಕೊಂಡರೆ ಕಾಲವು ತಾನಾಗಿ ಸ್ವಲ್ಪ ಇಳಿಯುವುದುಂಟು. ಅದನ್ನು ಕಾಲಿನ ಬಲವೆಂದು ಬರೆದುಕೊಳ್ಳಬಾರದು!

ನಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಜೂನ್ ತಿಂಗಳಿಂದ ಹೀಗೆ ಬರೆದಿಟ್ಟ ಪುಸ್ತಕವನ್ನು ನಾವು ನೋಡಿದೆವು. ಏರಿನ ಅಂಕಣದಲ್ಲಿ 18 ಇದ್ದುದು ಜನವರಿಯ ಹೊತ್ತಿಗೆ 15 ಆಗಿದೆ. ಇಳಿಜಾರಿನ ಅಂಕಣದಲ್ಲಿ ಮೊದಲಿನಿಂದ ಕೊನೆಯವರೆಗೂ 6. ಮಳೆಯ ದಿನಗಳಲ್ಲಿ 8.