ಹಗುರ ಗಂಟು, ಹಗುರ ನಡಿಗೆ

ಬೆಟ್ಟ ಹತ್ತುವ ಆಸೆಯಿದ್ದರೂ, ಅದರ ಸಾಮಾನಿಗೆ ಹಣವೆಲ್ಲಿ ಎಂದು ನಮ್ಮ ವಾಚಕರಲ್ಲಿ ಹಲವರು ಹಿಂಜರಿಯುವುದುಂಟು. ಅಂಥವರು ಅಮೆರಿಕದ ಎಮ್ಮಾ ಗೇಟ್‌ವುಡ್ ಅಜ್ಜಿಯ ಸಂಗತಿ ಕೇಳಬೇಕು. ಹನ್ನೊಂದು ಮಕ್ಕಳ ಈ ತಾಯಿ 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಸುಮಾರು 3,300 ಕಿಲೋಮೀಟರು ಉದ್ದದ ಅಪಲಾಚಿಯನ್ ಕಾಲುದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಕೈಯಾರೆ ಹೊಲಿದ ಡೆನಿಮ್ ಚೀಲ, ಒಂದು ಕಂಬಳಿ, ಕ್ಯಾನ್ವಾಸ್ ಬೂಟು, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಅವರ ಮುಖ್ಯ ಸಲಕರಣೆ ಇಷ್ಟೇ.

ನಾವಾದರೋ ಮಹಾರಾಷ್ಟ್ರದ ಅತ್ಯುನ್ನತ ಶಿಖರ ಕಳಸೂಬಾಯಿಗೆ (1,646 ಮೀಟರು) ಸ್ಟೌವು, ಹಿತ್ತಾಳೆಯ ಪಾತ್ರೆ ಹೊತ್ತು ಹೋಗಿ ಅರ್ಧದಾರಿಯಲ್ಲೇ ಏದುಸಿರು ಬಿಡುತ್ತ ಕುಳಿತೆವು. ಆಮೇಲೆ ಕಲಿತದ್ದು ಇದು: ಹಳೆಯ ಪ್ಯಾಂಟಿನ ದಪ್ಪ ಬಟ್ಟೆಯಿಂದ ಚೀಲ ಹೊಲಿಯಿರಿ. ಹೆಗಲಪಟ್ಟಿ ನಾಲ್ಕು ಬೆರಳು ಅಗಲವಿರಲಿ. ಸಣ್ಣದಾದರೆ ಹೆಗಲು ಕೊರೆಯುತ್ತದೆ. ಒಳಗೊಂದು ಪ್ಲಾಸ್ಟಿಕ್ ಚೀಲವಿಟ್ಟರೆ ಮಳೆಯಲ್ಲಿ ಉಡುಪು ನೆನೆಯದು. ಒಲೆ, ಡಬ್ಬಿ ಬೇಡ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ವಸ್ತ್ರದಲ್ಲಿ ಕಟ್ಟಿಕೊಳ್ಳಿ.

ನೀರಿನಲ್ಲಿ ಮಾತ್ರ ಜಿಪುಣತನ ಸಲ್ಲದು. ಲೀಟರಿಗೆ ಒಂದು ಕಿಲೋ ಭಾರ, ನಿಜ. ಆದರೆ ಬಾಯಾರಿ ಬಿದ್ದ ಗೆಳೆಯನನ್ನು ಹೊರುವುದು ಅದಕ್ಕಿಂತ ಭಾರ.