ಸಾಲಾರ್‌ಜಂಗ್ ಮ್ಯೂಸಿಯಂಗೆ ಕೊಪ್ಪಳದ ನಂಟು

ಹೇಮಗುಡ್ಡ: ಹೇಮಗುಡ್ಡ, ಗಂಗಾವತಿ ಕಡೆಯಿಂದ ವ್ಯಾಪಾರಕ್ಕೋ ಆಸ್ಪತ್ರೆಗೋ ಹೈದರಾಬಾದಿಗೆ ಹೋದವರು ಚಾರ್‌ಮಿನಾರ್ ನೋಡಿ, ಬಳೆ ಕೊಂಡು ಬಸ್ ಹತ್ತುತ್ತಾರೆ. ಅಲ್ಲೇ ಸಮೀಪ, ಮೂಸಿ ನದಿ ದಂಡೆಯ ಸಾಲಾರ್‌ಜಂಗ್ ಮ್ಯೂಸಿಯಂಗೂ ನಮ್ಮ ಜಿಲ್ಲೆಗೂ ಹಳೇ ಲೆಕ್ಕವಿದೆ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ.

ನಿಜಾಮರ ಕಾಲದಲ್ಲಿ ಗಂಗಾವತಿ, ಕುಷ್ಟಗಿಯ ಬಹುಪಾಲು ಕಂದಾಯ ಸರ್ಕಾರಕ್ಕೆ ಹೋಗುತ್ತಿತ್ತು. ಕೊಪ್ಪಳ, ಯಲಬುರ್ಗಾ ಹಾಗಲ್ಲ. ಅವು ದಿವಾನರಾಗಿದ್ದ ಸಾಲಾರ್‌ಜಂಗ್ ಮನೆತನದ ಜಹಗೀರು. ಜಹಗೀರು ಅಂದರೆ ಹೊಲದ ಕಂದಾಯ ಖಜಾನೆ ಬದಲು ನೇರ ಜಹಗೀರುದಾರರ ಮನೆಗೆ. ಅವರಿಗೆ ಬೇರೆ ಕಡೆಯೂ ಜಹಗೀರು ಇದ್ದವು. ಆದರೂ ಆ ಸಂಗ್ರಹದಲ್ಲಿ ನಮ್ಮ ಜೋಳದ ಹೊಲಗಳ ದುಡ್ಡೂ ಇದೆ ಅಂದರೆ ತಪ್ಪಾಗದು.

ಮುಸುಕಿನೊಳಗಿನ ಮುಖ ಕಾಣುವಂತೆ ಬೆನ್ಜೋನಿ ಕೆತ್ತಿದ ಅಮೃತಶಿಲೆಯ ರೆಬೆಕಾ ಮೂರ್ತಿಯನ್ನು ಮೊದಲನೇ ಸಾಲಾರ್‌ಜಂಗ್ 1876ರಲ್ಲಿ ರೋಮ್‌ನಿಂದ ತಂದರು. ಕಲ್ಲೋ ಬಟ್ಟೆಯೋ ಅಂತ ಹತ್ತಿರ ಹೋಗಿ ನೋಡಬೇಕು, ಅಷ್ಟು ನವಿರು. ಹೆಚ್ಚಿನ ವಸ್ತು ಕೂಡಿಸಿದ್ದು ಮೂರನೇ ಸಾಲಾರ್‌ಜಂಗ್ ಮೀರ್ ಯೂಸುಫ್ ಅಲಿ ಖಾನ್. ಮದುವೆಯಾಗದ ಅವರು 1949ರಲ್ಲಿ ತೀರಿಕೊಂಡರು. ಅದೇ ವರ್ಷ ಜಹಗೀರು ಪದ್ಧತಿಯೂ ರದ್ದಾಯ್ತು. 1951ರ ಡಿಸೆಂಬರ್ 16ರಂದು ನೆಹರು ಅವರು ಮ್ಯೂಸಿಯಂ ಉದ್ಘಾಟಿಸಿದರು. 1961ರಲ್ಲಿ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. 1968ರಲ್ಲಿ ಈಗಿನ ಕಟ್ಟಡಕ್ಕೆ ಬಂತು.

ಮಕ್ಕಳನ್ನು ಕರೆದೊಯ್ದರೆ ಗಡಿಯಾರ ಮರೀಬ್ಯಾಡ್ರಿ. ಗಂಟೆಗೊಮ್ಮೆ ಪುಟ್ಟ ಗೊಂಬೆ ಹೊರಬಂದು ಜಾಗಟೆ ಬಾರಿಸುತ್ತದೆ. ಮಧ್ಯಾಹ್ನ 12ಕ್ಕೆ ಮುಂಚೆ ಜಾಗ ಹಿಡಿದರೆ ಹನ್ನೆರಡೂ ಏಟು ಕೇಳಬಹುದು. ಶುಕ್ರವಾರ ರಜೆ.